ಪುರಾವೆಯ ನೀತಿ: ಗೋಪಾಲಕೃಷ್ಣ ಗೋಖಲೆಯವರ ಸಾರ್ವಜನಿಕ ಜೀವನ

ಕನ್ನಡದ ಓದುಗರಿಗೆ ಗೋಪಾಲಕೃಷ್ಣ ಗೋಖಲೆಯವರು ಅಪರಿಚಿತರಲ್ಲ. ಶಾಲೆಯ ಪಠ್ಯಪುಸ್ತಕಗಳ ಮೂಲಕ ಬಂದ ಒಂದು ಬಾಲ್ಯದ ಕಥೆ, ಗಾಂಧೀಜಿಯವರ ರಾಜಕೀಯ ಗುರು ಎಂಬ ಬಿರುದು, ಡಿ.ವಿ. ಗುಂಡಪ್ಪನವರು ಕನ್ನಡದಲ್ಲಿ ಬರೆದ ಜೀವನಚರಿತ್ರೆ, ಬೆಂಗಳೂರಿನಲ್ಲಿ ಅವರ ಹೆಸರನ್ನು ಹೊತ್ತ ಸಾರ್ವಜನಿಕ ವಿಚಾರ ಸಂಸ್ಥೆ – ಇವು ನಾಲ್ಕೂ ನಮ್ಮ ನೆನಪಿನಲ್ಲಿ ಗೋಖಲೆಯವರನ್ನು ಉಳಿಸಿವೆ. ಆದರೆ ಈ ನೆನಪಿನಲ್ಲಿ ಒಂದು ಕೊರತೆಯಿದೆ. ಪ್ರಾಮಾಣಿಕತೆಯನ್ನು ಅವರ ವೈಯಕ್ತಿಕ ಸದ್ಗುಣವೆಂದು ಕೊಂಡಾಡುತ್ತ ಬಂದಿರುವ ನಾವು, ಅದು ಅವರ ರಾಜಕಾರಣದ ವಿಧಾನವೂ ಆಗಿತ್ತೆಂಬುದನ್ನು ಅಷ್ಟಾಗಿ ಗಮನಿಸಿಲ್ಲ. ಸಾರ್ವಜನಿಕವಾಗಿ ಆಡಿದ ಮಾತಿಗೆ ಪುರಾವೆ ಇರಬೇಕು. ಸರ್ಕಾರವನ್ನು ಯಾವ ನಿಯಮದಿಂದ ಅಳೆಯುತ್ತೇವೆಯೋ ಅದೇ ನಿಯಮಕ್ಕೆ ನಾಯಕನೂ ಒಳಪಡಬೇಕು ಎಂಬುದು ಆ ವಿಧಾನದ ತಿರುಳು. ಈ ವಿಧಾನಕ್ಕೆ ಅವರು ತೆತ್ತ ಬೆಲೆಯೇನು, ಕಾನೂನಿನ ಆಳ್ವಿಕೆಗೂ ನಾಯಕರ ಪ್ರಾಮಾಣಿಕತೆಗೂ ಇರುವ ಸಂಬಂಧವನ್ನು ಅವರ ಬದುಕು ಹೇಗೆ ತೋರಿಸಿಕೊಡುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಬಾಲ್ಯ ಮತ್ತು ವಿದ್ಯಾಭ್ಯಾಸ

ಗೋಖಲೆಯವರು ಹುಟ್ಟಿದ್ದು 1866ರ ಮೇ 9ರಂದು, ರತ್ನಾಗಿರಿ ಜಿಲ್ಲೆಯ ಕೋತಳೂಕ ಎಂಬ ಹಳ್ಳಿಯಲ್ಲಿ. ಚಿತ್ಪಾವನ ಬ್ರಾಹ್ಮಣ ಕುಟುಂಬ; ಹೇಳಿಕೊಳ್ಳುವಂಥ ಆಸ್ತಿ ಇರಲಿಲ್ಲ. ತಂದೆ ಕೃಷ್ಣರಾವ್ ಅವರು ಕೊಲ್ಹಾಪುರಕ್ಕೆ ಸೇರಿದ ಕಾಗಲ್ ಎಂಬ ಚಿಕ್ಕ ಜಹಗೀರಿನಲ್ಲಿ ಗುಮಾಸ್ತರಾಗಿದ್ದು ಮುಂದೆ ಪೊಲೀಸ್ ಅಧಿಕಾರಿಯಾದವರು. ಇಂದಿನ ಬೆಳಗಾವಿ ಜಿಲ್ಲೆಯ ಗಡಿಗೆ ತೀರ ಹತ್ತಿರದಲ್ಲಿರುವ ಊರು ಕಾಗಲ್. ಗೋಖಲೆಯವರ ಬಾಲ್ಯ ಕಳೆದದ್ದು ಕನ್ನಡ ಮತ್ತು ಮರಾಠಿ ಎರಡೂ ಕಿವಿಗೆ ಬೀಳುವ ಈ ಸೀಮೆಯಲ್ಲಿ.

1879ರಲ್ಲಿ ತಂದೆ ತೀರಿಕೊಂಡಾಗ ಬಾಲಕ ಗೋಪಾಲನಿಗೆ ಹದಿಮೂರು ವರ್ಷ. ಅಣ್ಣ ಗೋವಿಂದರಾವ್ ಓದನ್ನು ಅಲ್ಲಿಗೇ ನಿಲ್ಲಿಸಿ ಕಾಗಲ್‌ನಲ್ಲಿ ತಿಂಗಳಿಗೆ 15 ರೂಪಾಯಿ ಸಂಬಳದ ಕೆಲಸಕ್ಕೆ ಸೇರಿದರು. ಅದರಲ್ಲಿ 8 ರೂಪಾಯಿಗಳನ್ನು ಕೊಲ್ಹಾಪುರದಲ್ಲಿ ಓದುತ್ತಿದ್ದ ತಮ್ಮನಿಗೆ ಕಳುಹಿಸುತ್ತಿದ್ದರು. ಮನೆಮಂದಿಯ ಅರೆಹೊಟ್ಟೆಯ ಮೇಲೆ ತನ್ನ ಓದು ನಡೆಯುತ್ತಿದೆ ಎಂಬ ಅರಿವು ಆ ಹುಡುಗನಿಗಿತ್ತು. ಹಣದ ಲೆಕ್ಕವನ್ನು ಬಿಡಿಕಾಸಿನವರೆಗೂ ಸರಿಯಾಗಿಡುವ ಅಭ್ಯಾಸ ಅವರಿಗೆ ಈ ದಿನಗಳಲ್ಲಿಯೇ ಬೆಳೆದಿರಬೇಕು.

ನಮ್ಮ ಪಠ್ಯಪುಸ್ತಕಗಳಿಗೆ ಬಂದ ಕಥೆ ಈ ಕಾಲಕ್ಕೆ ಸೇರಿದ್ದು. ಉಪಾಧ್ಯಾಯರು ಮನೆಯಲ್ಲಿ ಮಾಡಿತರಲು ಕೊಟ್ಟ ಕಠಿಣವಾದ ಲೆಕ್ಕವನ್ನು ತರಗತಿಯಲ್ಲಿ ಗೋಪಾಲನೊಬ್ಬನೇ ಸರಿಯಾಗಿ ಬಿಡಿಸಿದ್ದ. ಮೆಚ್ಚಿದ ಉಪಾಧ್ಯಾಯರು ಮೊದಲ ಸ್ಥಾನದಲ್ಲಿ ಕೂರಲು ಹೇಳಿದಾಗ ಹುಡುಗ ಅಳತೊಡಗಿದ. ಲೆಕ್ಕ ಬಿಡಿಸಲು ಬೇರೊಬ್ಬರ ನೆರವು ಪಡೆದಿದ್ದೆನೆಂದು ಒಪ್ಪಿಕೊಂಡ. ಮಹಾಪುರುಷರ ಬಾಲ್ಯದ ಸುತ್ತ ಬೆಳೆಯುವ ಇಂಥ ಕಥೆಗಳನ್ನು ಎಷ್ಟರಮಟ್ಟಿಗೆ ಚರಿತ್ರೆಯೆಂದು ಸ್ವೀಕರಿಸಬೇಕೆಂಬುದು ಬೇರೆಯ ಪ್ರಶ್ನೆ. ಆದರೆ ತನ್ನದಲ್ಲದ ಮನ್ನಣೆಯನ್ನು ಇಟ್ಟುಕೊಳ್ಳಲಾರದ ಮನಸ್ಸಿಗೆ ಅವರ ಮುಂದಿನ ಬದುಕಿನಲ್ಲಿ ದಾಖಲೆಯುಳ್ಳ ನಿದರ್ಶನಗಳೇ ಇವೆ.

1881ರಲ್ಲಿ ಮೆಟ್ರಿಕ್ಯುಲೇಷನ್, ಅನಂತರ ಕೊಲ್ಹಾಪುರದ ರಾಜಾರಾಮ್ ಕಾಲೇಜು, ಕಡೆಗೆ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜು. 1884ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಅವರು ಪದವೀಧರರಾದರು. ಸರ್ಕಾರಿ ನೌಕರಿ ಅಥವಾ ವಕೀಲಿ, ಇವೆರಡರಲ್ಲಿ ಒಂದನ್ನು ಹಿಡಿದು ಮನೆಯ ಸಾಲ ತೀರಿಸಬೇಕೆಂಬುದು ಕುಟುಂಬದ ಸಹಜ ನಿರೀಕ್ಷೆಯಾಗಿತ್ತು. ಅವರು ಹಿಡಿದ ದಾರಿ ಬೇರೆಯಾಯಿತು.

2. ಉಪಾಧ್ಯಾಯ ವೃತ್ತಿ ಮತ್ತು ರಾನಡೆಯವರ ಶಿಷ್ಯತ್ವ

ಪುಣೆಯಲ್ಲಿ ಚಿಪಳೂಣಕರ್, ತಿಲಕ್, ಅಗರಕರ್ ಮೊದಲಾದವರು 1880ರಲ್ಲಿ ನ್ಯೂ ಇಂಗ್ಲಿಷ್ ಸ್ಕೂಲನ್ನು ಆರಂಭಿಸಿದ್ದರು. 1884ರಲ್ಲಿ ಡೆಕ್ಕನ್ ಎಜುಕೇಷನ್ ಸೊಸೈಟಿಯೂ 1885ರಲ್ಲಿ ಫರ್ಗ್ಯುಸನ್ ಕಾಲೇಜೂ ಸ್ಥಾಪನೆಯಾದವು. ಗೋಖಲೆಯವರು ಮೊದಲು ಶಾಲೆಯ ಉಪಾಧ್ಯಾಯರಾಗಿ, ಬಳಿಕ ಸೊಸೈಟಿಯ ಆಜೀವ ಸದಸ್ಯರಾಗಿ ಸೇರಿದರು. ಆಜೀವ ಸದಸ್ಯರು ಅಲ್ಪ ವೇತನಕ್ಕೆ ಇಪ್ಪತ್ತು ವರ್ಷ ದುಡಿಯುವ ಮಾತು ಕೊಡಬೇಕಾಗಿತ್ತು; ವೇತನ ತಿಂಗಳಿಗೆ 75 ರೂಪಾಯಿ. ಗಣಿತ, ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರ – ಅಗತ್ಯ ಬಿದ್ದ ವಿಷಯವನ್ನೆಲ್ಲ ಅವರು ಪಾಠ ಮಾಡಿದರು. ಅವರು ಸಿದ್ಧಪಡಿಸಿದ ಅಂಕಗಣಿತದ ಪಠ್ಯಪುಸ್ತಕ ಬಹುಕಾಲ ಬಳಕೆಯಲ್ಲಿತ್ತು. ರಜೆಯ ದಿನಗಳಲ್ಲಿ ಊರೂರು ಸುತ್ತಿ ಕಾಲೇಜಿಗಾಗಿ ಹಣ ಕೂಡಿಸಿದರು. 1902ರಲ್ಲಿ ನಿವೃತ್ತರಾದಾಗ ಅವರಿಗೆ ದೊರೆತದ್ದು ತಿಂಗಳಿಗೆ 30 ರೂಪಾಯಿಯ ನಿವೃತ್ತಿವೇತನ.

ಮಹಾದೇವ ಗೋವಿಂದ ರಾನಡೆಯವರೊಡನೆ ಅವರ ಸಂಬಂಧ ಮೊದಲಾದ ರೀತಿಯನ್ನು ಜೀವನಚರಿತ್ರೆಕಾರರು ಸ್ವಾರಸ್ಯಕರವಾಗಿ ವರ್ಣಿಸುತ್ತಾರೆ. ಶಾಲೆಯ ಒಂದು ಸಮಾರಂಭದಲ್ಲಿ ಬಾಗಿಲು ಕಾಯುವ ಕೆಲಸ ತರುಣ ಗೋಖಲೆಯವರ ಪಾಲಿಗೆ ಬಂದಿತ್ತು. ಆಮಂತ್ರಣ ಪತ್ರವಿಲ್ಲದವರನ್ನು ಒಳಗೆ ಬಿಡಬಾರದೆಂಬುದು ಕಟ್ಟಳೆ. ರಾನಡೆಯವರು ಪತ್ರವಿಲ್ಲದೆ ಬಂದರು. ಬಂದವರು ಯಾರೆಂದು ಲೆಕ್ಕಿಸದೆ ಗೋಖಲೆಯವರು ಅವರನ್ನು ತಡೆದರು. ಸಂಘಟಕರು ಬಂದು ಕರೆದೊಯ್ಯುವವರೆಗೆ ರಾನಡೆಯವರು ಬಾಗಿಲಲ್ಲೇ ನಿಂತಿದ್ದರು. ನಿಯಮವು ವ್ಯಕ್ತಿಯನ್ನು ನೋಡಿ ಬಾಗಬಾರದೆಂಬ ತತ್ತ್ವವನ್ನು ತರುಣನೊಬ್ಬ ನ್ಯಾಯಾಧೀಶರಿಗೇ ನೆನಪಿಸಿದ ಈ ಪ್ರಸಂಗವು ಕೋಪಕ್ಕೆ ಬದಲು ಮೆಚ್ಚುಗೆಗೆ ಕಾರಣವಾಯಿತು.

1887ರ ಸುಮಾರಿನಿಂದ 1901ರಲ್ಲಿ ರಾನಡೆಯವರು ನಿಧನರಾಗುವವರೆಗೆ ಈ ಶಿಷ್ಯತ್ವ ನಡೆಯಿತು. ಅದು ಕಟ್ಟುನಿಟ್ಟಾದ ಶಿಕ್ಷಣವಾಗಿತ್ತು. ಸರ್ಕಾರದ ವರದಿಗಳು, ಆಯವ್ಯಯದ ಪಟ್ಟಿಗಳು, ಕಂದಾಯದ ದಾಖಲೆಗಳು – ಇವನ್ನು ಓದಿ, ಅಂಕಿಗಳನ್ನು ಒಂದಕ್ಕೊಂದು ತಾಳೆ ನೋಡಿ, ಮನವಿಪತ್ರಗಳನ್ನು ಸಿದ್ಧಪಡಿಸುವುದು ಶಿಷ್ಯನ ಕೆಲಸ. ಸಾಲು ಸಾಲಾಗಿ ತಿದ್ದುವುದು ಗುರುವಿನದು. ಭಾವಾವೇಶದ ಮಾತಿಗಿಂತ ಅಲ್ಲಗಳೆಯಲಾಗದ ಅಂಕಿಯೇ ಆಳುವವರನ್ನು ಉತ್ತರಕ್ಕೆ ಕಟ್ಟಿಹಾಕುತ್ತದೆ ಎಂಬುದು ಆ ಪಾಠದ ಸಾರ.

ಈ ಅವಧಿಯಲ್ಲಿಯೇ ತಿಲಕರೊಡನೆ ಭಿನ್ನಾಭಿಪ್ರಾಯವೂ ಮೊಳೆಯಿತು. ಗೋಖಲೆಯವರು ಸಾರ್ವಜನಿಕ ಸಭೆಯ ಕಾರ್ಯದರ್ಶಿತ್ವವನ್ನು ಒಪ್ಪಿಕೊಂಡಾಗ, ಆಜೀವ ಸದಸ್ಯರು ತಮ್ಮ ಪೂರ್ಣ ಸಮಯವನ್ನು ಸೊಸೈಟಿಗೇ ಕೊಡಬೇಕೆಂದು ವಾದಿಸಿದವರು ತಿಲಕರು. 1890ರಲ್ಲಿ ಅವರು ಸೊಸೈಟಿಯನ್ನು ಬಿಟ್ಟರು. ತಿಲಕರ ಆಕ್ಷೇಪವೂ ನಿಯಮಪಾಲನೆಯ ನೆಲೆಯಿಂದಲೇ ಬಂದಿತ್ತೆಂಬುದನ್ನು ಗೋಖಲೆಯವರ ಅಭಿಮಾನಿಗಳು ಮರೆಯಬಾರದು.

3. 1897: ಕ್ಷಮಾಯಾಚನೆಯ ಪ್ರಸಂಗ

ಗೋಖಲೆಯವರ ಬದುಕಿನ ಅತ್ಯಂತ ನೋವಿನ ಘಟ್ಟವೂ ಅವರ ರಾಜಕೀಯ ನೀತಿಯ ಪರೀಕ್ಷೆಯೂ 1897ರಲ್ಲಿ ಒಟ್ಟಿಗೆ ಒದಗಿ ಬಂದವು. ಭಾರತದ ಆಡಳಿತ ವೆಚ್ಚವನ್ನು ಪರಿಶೀಲಿಸಲು ನೇಮಕವಾಗಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನೀಡಲು ಅವರು ಆ ವರ್ಷ ಇಂಗ್ಲೆಂಡಿಗೆ ಹೋದರು. ಮೂವತ್ತೊಂದು ವರ್ಷವೂ ತುಂಬಿರದ ಉಪಾಧ್ಯಾಯರು ಅನುಭವಿ ಅಧಿಕಾರಿಗಳ ಪಾಟೀಸವಾಲನ್ನು ಅಂಕಿಅಂಶಗಳ ಬಲದಿಂದ ಎದುರಿಸಿ ಹೆಸರು ಪಡೆದರು.

ಇತ್ತ ಪುಣೆಯಲ್ಲಿ ಪ್ಲೇಗು ಹಬ್ಬಿತ್ತು. ರ‍್ಯಾಂಡ್ ಎಂಬ ಅಧಿಕಾರಿಯ ನೇತೃತ್ವದ ಸಮಿತಿ ಗೋರಾ ಸೈನಿಕರಿಂದ ಮನೆಮನೆಯ ತಪಾಸಣೆ ಮಾಡಿಸುತ್ತಿತ್ತು. ಅಡುಗೆಮನೆ, ದೇವರಮನೆಗಳೆನ್ನದೆ ನುಗ್ಗಿದ, ಸಾಮಾನುಗಳನ್ನು ಸುಟ್ಟ, ಹೆಂಗಸರನ್ನು ಅವಮಾನಿಸಿದ ದೂರುಗಳು ಊರಲ್ಲೆಲ್ಲ ತುಂಬಿದ್ದವು. ತಮಗೆ ನಂಬಿಕೆಯಿದ್ದ ಮಿತ್ರರು ಬರೆದ ಪತ್ರಗಳ ಆಧಾರದ ಮೇಲೆ ಗೋಖಲೆಯವರು ಇಂಗ್ಲೆಂಡಿನಲ್ಲಿ ಈ ಸಂಗತಿಗಳನ್ನು ಬಹಿರಂಗಪಡಿಸಿದರು. ಇಬ್ಬರು ಮಹಿಳೆಯರ ಮೇಲೆ ಸೈನಿಕರು ಅತ್ಯಾಚಾರವೆಸಗಿದರು, ಅವರಲ್ಲಿ ಒಬ್ಬರು ಆತ್ಮಹತ್ಯೆ ಮಾಡಿಕೊಂಡರು ಎಂಬ ಆಪಾದನೆಯೂ ಅದರಲ್ಲಿ ಸೇರಿತ್ತು. ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತು. ಮುಂಬಯಿ ಸರ್ಕಾರ ಆಪಾದನೆಯನ್ನು ಪೂರ್ಣವಾಗಿ ಅಲ್ಲಗಳೆದು ಪುರಾವೆ ಕೇಳಿತು. ಊರಿಗೆ ಮರಳಿ ವಿಚಾರಿಸಿ ಉತ್ತರಿಸುವುದಾಗಿ ಗೋಖಲೆಯವರು ಹೇಳಿದರು.

ಅವರು ಹಿಂತಿರುಗುವಷ್ಟರಲ್ಲಿ ಪರಿಸ್ಥಿತಿ ಪೂರ್ಣವಾಗಿ ಬದಲಾಗಿತ್ತು. ಜೂನ್ 22ರಂದು ಚಾಪೇಕರ್ ಸಹೋದರರು ರ‍್ಯಾಂಡ್ ಮೇಲೆ ಗುಂಡು ಹಾರಿಸಿದ್ದರು. ಅವನೂ ಜೊತೆಗಿದ್ದ ಆಯರ್ಸ್ಟ್ ಎಂಬ ಅಧಿಕಾರಿಯೂ ಸತ್ತಿದ್ದರು. ಜುಲೈ ಕೊನೆಯಲ್ಲಿ ತಿಲಕರ ಬಂಧನವಾಯಿತು. ನಾಟು ಸಹೋದರರನ್ನು 1827ರ ಹಳೆಯ ಕಟ್ಟಳೆಯೊಂದರ ಮೇರೆಗೆ ವಿಚಾರಣೆಯಿಲ್ಲದೆ ಹಿಡಿದಿಡಲಾಗಿತ್ತು. ಹಡಗು ಮುಂಬಯಿಗೆ ಬಂದಾಗ ಗೋಖಲೆಯವರನ್ನು ಎದುರುಗೊಂಡವರಲ್ಲಿ ಪೊಲೀಸರೂ ಇದ್ದರು, ಆತಂಕಗೊಂಡ ಮಿತ್ರರೂ ಇದ್ದರು. ಪತ್ರ ಬರೆದವರು ತಮ್ಮ ಹೆಸರನ್ನು ಹೊರಗೆಡಹಬಾರದೆಂದು ಪಟ್ಟುಹಿಡಿದರು. ಆ ಭಯದ ದಿನಗಳಲ್ಲಿ ಸಾಕ್ಷಿ ನುಡಿಯಲು ಯಾರೂ ಮುಂದೆ ಬರಲಿಲ್ಲ.

ಗೋಖಲೆಯವರ ಮುಂದೆ ಮೂರು ದಾರಿಗಳಿದ್ದವು. ಮಿತ್ರರ ಹೆಸರು ಹೇಳಿ ಹೊಣೆಯನ್ನು ಅವರ ಮೇಲೆ ಹೊರಿಸಬಹುದಾಗಿತ್ತು. ಪುರಾವೆಯಿಲ್ಲದೆಯೂ ಆಪಾದನೆಗೆ ಅಂಟಿಕೊಂಡು ಜನರ ಕಣ್ಣಿನಲ್ಲಿ ವೀರರಾಗಬಹುದಾಗಿತ್ತು. ಇಲ್ಲವೇ ಮಾತನ್ನು ಹಿಂತೆಗೆದುಕೊಳ್ಳಬೇಕಾಗಿತ್ತು. ರಾನಡೆಯವರ ಹಾಗೂ ಫಿರೋಜ್‌ಷಾ ಮೆಹತಾ ಅವರ ಸಲಹೆಯನ್ನು ಪಡೆದು ಅವರು ಮೂರನೆಯ ದಾರಿಯನ್ನು ಆರಿಸಿಕೊಂಡರು. ಆಗಸ್ಟ್ 4ರಂದು ಪತ್ರಿಕೆಗಳಲ್ಲಿ ಪ್ರಕಟವಾದ ಹೇಳಿಕೆಯಲ್ಲಿ ಗವರ್ನರ್, ಪ್ಲೇಗು ಸಮಿತಿಯ ಸದಸ್ಯರು, ಸೈನಿಕರು – ಎಲ್ಲರಲ್ಲೂ ನಿಶ್ಶರತ್ತಾಗಿ ಕ್ಷಮೆ ಯಾಚಿಸಿದರು. ಪತ್ರ ಬರೆದವರ ಹೆಸರುಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಪುಣೆ ಇದನ್ನು ಹೇಡಿತನವೆಂದು ಕರೆಯಿತು. ಕ್ಷಮೆ ಕೇಳದೆ ಹದಿನೆಂಟು ತಿಂಗಳ ಸೆರೆಮನೆಗೆ ಹೋದ ತಿಲಕರೊಡನೆ ಅವರನ್ನು ಹೋಲಿಸಲಾಯಿತು. ಹೋಲಿಕೆಯಲ್ಲಿ ಅವರು ಕುಬ್ಜರಾಗಿ ಕಂಡರು. ಆ ವರ್ಷದ ಡಿಸೆಂಬರಿನಲ್ಲಿ ಅಮರಾವತಿಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನದಲ್ಲಿ ಅವರು ಬದಿಗೆ ಸರಿದಿರಬೇಕಾಯಿತು. ಮರುವರ್ಷ ಪುಣೆಯಲ್ಲಿ ಪ್ಲೇಗು ಮತ್ತೆ ಕಾಣಿಸಿಕೊಂಡಾಗ ಯಾವ ಸೈನಿಕರ ಕ್ಷಮೆ ಕೇಳಿದ್ದರೋ ಅವರೊಡನೆ ಸ್ವಯಂಸೇವಕರಾಗಿ ನಿಂತು ರೋಗಿಗಳ ಪರಿಹಾರ ಕಾರ್ಯದಲ್ಲಿ ದುಡಿದರು.

ಈ ಪ್ರಸಂಗವನ್ನು ಹೇಗೆ ಅರ್ಥೈಸಬೇಕು? ಗೋಖಲೆಯವರನ್ನು ಸಮರ್ಥಿಸುವವರು ಇದನ್ನು ಸತ್ಯನಿಷ್ಠೆಯ ವಿಜಯವೆಂದು ಹೇಳುತ್ತಾರೆ, ವಿರೋಧಿಗಳು ಶರಣಾಗತಿಯೆಂದರು. ಎರಡೂ ಅಪೂರ್ಣವೆಂದು ತೋರುತ್ತದೆ. ಸಾಬೀತುಪಡಿಸಲಾಗದ ಮಾತನ್ನು ಹಿಂತೆಗೆದುಕೊಂಡದ್ದು ಸರಿಯಾದ ಕ್ರಮ. ಆದರೆ ಸಾಬೀತಾಗದಿರುವುದಕ್ಕೂ ನಡೆಯದಿರುವುದಕ್ಕೂ ವ್ಯತ್ಯಾಸವಿದೆ. ಸರ್ಕಾರದ ಎಲ್ಲ ಅಂಗಗಳ ಕ್ಷಮೆ ಕೇಳುವಾಗ, ಪುಣೆಯ ಮನೆಗಳಲ್ಲಿ ನೊಂದವರ ದೂರೂ ಜೊತೆಗೆ ಮುಚ್ಚಿಹೋಯಿತು. ಸಾಕ್ಷಿಗಳು ಬಾಯಿಬಿಡದಿರಲು ಕಾರಣ ಅವರ ಅಪ್ರಾಮಾಣಿಕತೆಯೇ ಆಗಬೇಕಾಗಿಲ್ಲ. ವಿಚಾರಣೆಯಿಲ್ಲದೆ ಯಾರನ್ನಾದರೂ ಹಿಡಿದಿಡಬಲ್ಲ ಸರ್ಕಾರದ ಎದುರು ಸಾಕ್ಷಿ ಹೇಳುವ ಧೈರ್ಯ ಸಾಮಾನ್ಯರಿಗೆ ಎಲ್ಲಿಂದ ಬರಬೇಕು? ನಾಯಕನ ಪ್ರಾಮಾಣಿಕತೆ ಫಲ ಕೊಡಬೇಕಾದರೆ ಸಾಕ್ಷಿಯನ್ನು ಕಾಪಾಡುವ ಕಾನೂನಿನ ಆಳ್ವಿಕೆ ಇರಬೇಕು. ಅದಿಲ್ಲದೆಡೆ ಪ್ರಾಮಾಣಿಕನೇ ತಲೆತಗ್ಗಿಸಬೇಕಾಗುತ್ತದೆ. 1897 ನಮಗೆ ತೋರಿಸಿಕೊಡುವುದು ಇದನ್ನು. ಗೋಖಲೆಯವರ ಮುಂದಿನ ಶಾಸನಸಭಾ ಜೀವನವನ್ನು ಈ ಅನುಭವದ ಬೆಳಕಿನಲ್ಲಿ ಓದಬಹುದು.

4. ಶಾಸನಸಭೆಯಲ್ಲಿ

ಶತಮಾನದ ತಿರುವಿನಲ್ಲಿ ಗೋಖಲೆಯವರು ಮುಂಬಯಿ ಶಾಸನಸಭೆಯ ಸದಸ್ಯರಾದರು. 1901ರಲ್ಲಿ ಸರ್ಕಾರ ಭೂಕಂದಾಯ ಕಾಯಿದೆಗೆ ತಿದ್ದುಪಡಿ ತಂದಿತು. ಬರಗಾಲದಿಂದ ಕಂದಾಯ ಕಟ್ಟಲಾರದೆ ರೈತರು ಕಳೆದುಕೊಂಡ ಜಮೀನನ್ನು, ಪರಭಾರೆ ಮಾಡುವ ಹಕ್ಕಿಲ್ಲದ ಹೊಸ ಷರತ್ತಿನ ಮೇಲೆ ಅವರಿಗೆ ಕೊಡುವ ಅಧಿಕಾರ ಅದರಿಂದ ಸರ್ಕಾರಕ್ಕೆ ದೊರೆಯುತ್ತಿತ್ತು. ಜನಾಭಿಪ್ರಾಯ ಪಡೆಯಲು ಕಾಲಾವಕಾಶ ಕೊಡಬೇಕೆಂಬ ಬೇಡಿಕೆ ತಿರಸ್ಕೃತವಾದಾಗ ಮೆಹತಾ, ಗೋಖಲೆ ಮೊದಲಾದವರು ಸಭಾತ್ಯಾಗ ಮಾಡಿದರು. ಮಿತವಾದಿಗಳೆಂದು ಹೆಸರಾದವರ ಈ ನಡೆ ಆ ಕಾಲಕ್ಕೆ ಅಸಾಮಾನ್ಯವಾದುದು.

ಅನಂತರ ಅವರು ವೈಸರಾಯರ ಶಾಸನಸಭೆಗೆ ಆಯ್ಕೆಯಾದರು. ಅಲ್ಲಿ ಅಧಿಕಾರಿಗಳ ಬಹುಮತ ಮೊದಲೇ ನಿಶ್ಚಿತವಾಗಿತ್ತು. ಯಾವ ಮಸೂದೆಯನ್ನೂ ತಡೆಯುವ ಶಕ್ತಿ ಭಾರತೀಯ ಸದಸ್ಯರಿಗಿರಲಿಲ್ಲ. ಸೋಲು ಖಚಿತವಾಗಿರುವ ಸಭೆಯಲ್ಲಿ ಮಾತಿನ ಪ್ರಯೋಜನವೇನೆಂಬ ಪ್ರಶ್ನೆಗೆ 1902ರ ಮಾರ್ಚ್ 26ರ ಆಯವ್ಯಯ ಭಾಷಣ ಅವರ ಉತ್ತರವಾಯಿತು. ಬರ, ಪ್ಲೇಗುಗಳ ನಡುವೆಯೂ ಖಜಾನೆಯಲ್ಲಿ ವರ್ಷವರ್ಷವೂ ಉಳಿತಾಯವಾಗುತ್ತಿರುವುದನ್ನು ಸರ್ಕಾರ ದೇಶದ ಸಮೃದ್ಧಿಯ ಗುರುತೆಂದು ಹೇಳುತ್ತಿತ್ತು. ಗೋಖಲೆಯವರು ಸರ್ಕಾರದ ಲೆಕ್ಕವನ್ನೇ ಮುಂದಿಟ್ಟು ಬೇರೊಂದು ಅರ್ಥವನ್ನು ಹೊರತೆಗೆದರು. ರೂಪಾಯಿಯ ವಿನಿಮಯ ಬೆಲೆ ಸುಮಾರು 13 ಪೆನ್ಸ್‌ಗೆ ಇಳಿದಿದ್ದಾಗ, ಇಂಗ್ಲೆಂಡಿಗೆ ಕಟ್ಟಬೇಕಾದ ಹಣಕ್ಕೆ ಹೆಚ್ಚು ರೂಪಾಯಿ ಬೇಕಾಗುತ್ತದೆಂದು ತೆರಿಗೆಗಳನ್ನು ಎತ್ತರದ ಮಟ್ಟದಲ್ಲಿ ಇಡಲಾಗಿತ್ತು. ರೂಪಾಯಿ 16 ಪೆನ್ಸ್‌ಗೆ ಏರಿದ ಮೇಲೂ ತೆರಿಗೆ ಇಳಿಯಲಿಲ್ಲ. ಉಳಿತಾಯದ ಮೂಲ ಇದು; ಅಂದರೆ ಅದು ಜನರ ಸಮೃದ್ಧಿಯಲ್ಲ, ಜನರಿಂದ ಅನಗತ್ಯವಾಗಿ ವಸೂಲಾದ ಹಣ. ಉಪ್ಪಿನ ಸುಂಕವನ್ನು ಇಳಿಸಬೇಕು, ಆದಾಯ ತೆರಿಗೆಯ ವಿನಾಯಿತಿ ಮಿತಿಯನ್ನು ಏರಿಸಬೇಕೆಂದು ಅವರು ಒತ್ತಾಯಿಸಿದರು.

ಮತದಲ್ಲಿ ಗೆಲ್ಲಲಾಗದ ವಾದ ಲೆಕ್ಕದಲ್ಲಿ ಗೆದ್ದಿತು. 1903ರಲ್ಲಿ ಉಪ್ಪಿನ ಸುಂಕ ಮಣವೊಂದಕ್ಕೆ ಎರಡೂವರೆ ರೂಪಾಯಿಯಿಂದ 2 ರೂಪಾಯಿಗೆ, 1905ರಲ್ಲಿ ಒಂದೂವರೆಗೆ, 1907ರಲ್ಲಿ 1 ರೂಪಾಯಿಗೆ ಇಳಿಯಿತು. ಆದಾಯ ತೆರಿಗೆಯ ವಿನಾಯಿತಿ ಮಿತಿ 500ರಿಂದ 1000 ರೂಪಾಯಿಗೆ ಏರಿತು. ಇವೆಲ್ಲ ಒಬ್ಬರ ಭಾಷಣದ ಫಲವೆನ್ನುವುದು ಅತಿಶಯೋಕ್ತಿಯಾದೀತು. ಆದರೆ ವರ್ಷಕ್ಕೊಮ್ಮೆ ತನ್ನ ಲೆಕ್ಕವನ್ನು ಸಮರ್ಥಿಸಿಕೊಳ್ಳಲೇಬೇಕಾದ ಸ್ಥಿತಿಗೆ ಸರ್ಕಾರ ಬಂದದ್ದು ಮುಖ್ಯ. ಐದು ವರ್ಷಗಳ ಹಿಂದೆ ಪುರಾವೆಯಿಲ್ಲದೆ ತಲೆತಗ್ಗಿಸಿದ್ದ ವ್ಯಕ್ತಿ ಈಗ ಎದುರಾಳಿಯ ಕೈಬರಹದಿಂದಲೇ ಪುರಾವೆ ಒದಗಿಸುತ್ತಿದ್ದರು.

ಲೆಕ್ಕದಷ್ಟೇ ಕಾಳಜಿಯನ್ನು ಅವರು ಕಾನೂನಿನ ಸ್ವರೂಪದ ಬಗೆಗೂ ತೋರಿದರು. ಆಡಳಿತದ ಸಾಮಾನ್ಯ ವ್ಯವಹಾರಗಳನ್ನೂ ರಹಸ್ಯದ ಪರಿಧಿಗೆ ಸೇರಿಸಿದ ಸರ್ಕಾರಿ ರಹಸ್ಯಗಳ ತಿದ್ದುಪಡಿ ಮಸೂದೆಯನ್ನು ವಿರೋಧಿಸಿದರು. 1907ರ ಮೇ ತಿಂಗಳಲ್ಲಿ ಲಾಲಾ ಲಜಪತರಾಯರನ್ನೂ ಅಜಿತ್ ಸಿಂಗರನ್ನೂ 1818ರ ಕಟ್ಟಳೆಯ ಮೇರೆಗೆ ವಿಚಾರಣೆಯಿಲ್ಲದೆ ಬರ್ಮಾದ ಮಂಡಾಲೆಗೆ ಗಡೀಪಾರು ಮಾಡಿದಾಗ ತೀವ್ರವಾಗಿ ಪ್ರತಿಭಟಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಬಂದ ರಾಜದ್ರೋಹಿ ಸಭೆಗಳ ಮಸೂದೆಯನ್ನು ರಾಸ್‌ಬಿಹಾರಿ ಘೋಷರೊಡನೆ ವಿರೋಧಿಸಿದರು. ಲಜಪತರಾಯರ ರಾಜಕೀಯ ಮಾರ್ಗ ಗೋಖಲೆಯವರ ಮಾರ್ಗದಿಂದ ದೂರ ಸರಿಯುತ್ತಿದ್ದ ಕಾಲವದು. ತನ್ನ ಪಕ್ಷದವನಿಗಷ್ಟೇ ನ್ಯಾಯವಿಚಾರಣೆ ಕೇಳುವುದು ಸುಲಭ. ಭಿನ್ನಮತೀಯನಿಗೂ ಅದನ್ನೇ ಕೇಳಿದಾಗ ಅದು ತತ್ತ್ವವೆನಿಸುತ್ತದೆ.

ಆದರೆ ಈ ನಿಲುವಿಗೆ ಅವರು ಎಲ್ಲ ಕಾಲದಲ್ಲೂ ಸಮನಾಗಿ ಬದ್ಧರಾಗಿ ಉಳಿಯಲಿಲ್ಲ. 1910ರ ಪತ್ರಿಕಾ ಮಸೂದೆ ಮುದ್ರಣಾಲಯಗಳಿಂದ ಠೇವಣಿ ಕೇಳುವ, ಅದನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವನ್ನು ಆಡಳಿತಕ್ಕೆ ಕೊಟ್ಟಿತು. ರಾಜಕೀಯ ಕೊಲೆಗಳಿಂದ ದೇಶ ತಲ್ಲಣಿಸಿದ್ದ ಆ ಸನ್ನಿವೇಶದಲ್ಲಿ ಗೋಖಲೆಯವರು ಹಿಂಜರಿಕೆಯಿಂದಲೇ ಆದರೂ ಅದಕ್ಕೆ ಸಮ್ಮತಿಸಿದರು. ಮದನಮೋಹನ ಮಾಳವೀಯ ಮತ್ತು ಭೂಪೇಂದ್ರನಾಥ ಬಸು ಅವರು ವಿರೋಧಿಸಿದರು. ಅನಂತರದ ದಶಕದಲ್ಲಿ ಈ ಕಾಯಿದೆ ಅನೇಕ ಪತ್ರಿಕೆಗಳ ಉಸಿರುಕಟ್ಟಿಸಿತು. ಅಧಿಕಾರ ದುರುಪಯೋಗವಾಗಲಾರದೆಂದು ಆಳುವವರ ಮೇಲಿಟ್ಟ ನಂಬಿಕೆ ಅವರ ದೌರ್ಬಲ್ಯವಾಗಿತ್ತೆಂಬುದಕ್ಕೆ ಇದು ಒಂದು ಸಾಕ್ಷಿ.

5. ಭಾರತ ಸೇವಕ ಸಮಾಜ

1905ರ ಜೂನ್ 12ರಂದು ಪುಣೆಯಲ್ಲಿ ಗೋಖಲೆಯವರು ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ರಾಜಕಾರಣವನ್ನು ಬಿಡುವಿನ ವೇಳೆಯ ಚಟುವಟಿಕೆಯಾಗಿ ನಡೆಸುತ್ತಿದ್ದ ವಕೀಲರ, ಶ್ರೀಮಂತರ ಕೈಯಿಂದ ಬಿಡಿಸಿ, ಅದನ್ನು ಶಿಕ್ಷಣ ಪಡೆದ ಸೇವಾವ್ರತಿಗಳ ಕೆಲಸವಾಗಿಸುವುದು ಅವರ ಆಶಯ. ಸದಸ್ಯನಾಗುವವನು ಏಳು ವ್ರತಗಳನ್ನು ಸ್ವೀಕರಿಸಬೇಕಾಗಿತ್ತು: ತನ್ನ ಯೋಚನೆಯಲ್ಲಿ ದೇಶಕ್ಕೆ ಮೊದಲ ಸ್ಥಾನ, ಸೇವೆಯಲ್ಲಿ ಸ್ವಂತ ಲಾಭದ ನಿರಾಕರಣೆ, ಜಾತಿಮತಗಳ ಭೇದವಿಲ್ಲದೆ ಭಾರತೀಯರೆಲ್ಲರ ಬಗೆಗೆ ಸೋದರಭಾವ, ಸಮಾಜ ಒದಗಿಸುವ ಜೀವನಾಂಶದಲ್ಲಿ ತೃಪ್ತಿ, ಪರಿಶುದ್ಧ ಜೀವನ, ವೈಯಕ್ತಿಕ ಜಗಳಗಳ ವರ್ಜನ, ಸಮಾಜದ ಗುರಿಗಳ ರಕ್ಷಣೆ. ಐದು ವರ್ಷಗಳ ಅಧ್ಯಯನ ಮತ್ತು ದೇಶಸಂಚಾರ ಮುಗಿಯದೆ ಯಾರೂ ಪೂರ್ಣ ಸದಸ್ಯರಾಗುತ್ತಿರಲಿಲ್ಲ.

ಈ ವ್ರತಗಳಲ್ಲಿ ಸನ್ಯಾಸದ ಛಾಯೆಯಿದೆ. ಆದರೆ ಗುರಿ ಮೋಕ್ಷವಲ್ಲ. ಆಯವ್ಯಯದ ಅಧ್ಯಯನ, ಶಾಲೆ, ಸಹಕಾರ, ಕ್ಷಾಮ ಪರಿಹಾರಗಳಂಥ ಲೌಕಿಕ ಕಾರ್ಯ. ನಾಯಕನ ನಡತೆಯನ್ನು ಅವನ ಅಂತಃಸಾಕ್ಷಿಗಷ್ಟೇ ಬಿಡದೆ ಒಂದು ಸಂಸ್ಥೆಯ ಕಟ್ಟಳೆಗೆ ಒಳಪಡಿಸಿದ್ದು ಇಲ್ಲಿನ ಹೊಸತನ. ಅದೇ ವರ್ಷದ ಡಿಸೆಂಬರಿನಲ್ಲಿ ಕಾಶಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಅವರು ಅಧ್ಯಕ್ಷರಾದರು. ಬಂಗಾಳದ ವಿಭಜನೆಯನ್ನು ಖಂಡಿಸಿದರು. ಎರಡು ವರ್ಷಗಳ ಬಳಿಕ ಸೂರತ್ತಿನಲ್ಲಿ ಕಾಂಗ್ರೆಸ್ ಒಡೆದಾಗ ಆ ಒಡಕನ್ನು ತಡೆಯಲು ಅವರಿಂದಾಗಲಿಲ್ಲ.

6. ಸೋತ ಮಸೂದೆ, ಮುರಿದ ಮಾತು

ಗೋಖಲೆಯವರ ಕೊನೆಯ ವರ್ಷಗಳ ಎರಡು ಪ್ರಯತ್ನಗಳು ವಿಶೇಷವಾಗಿ ಪರಿಶೀಲಿಸತಕ್ಕವು. 1911ರ ಮಾರ್ಚ್ 16ರಂದು ಅವರು ಪ್ರಾಥಮಿಕ ಶಿಕ್ಷಣ ಮಸೂದೆಯನ್ನು ಮಂಡಿಸಿದರು. ಅದರ ಬೇಡಿಕೆ ಬಹಳ ಮಿತವಾದದ್ದು: ಸ್ಥಳೀಯ ಸಂಸ್ಥೆಗಳು ಇಚ್ಛಿಸಿದರೆ, ಸರ್ಕಾರದ ಒಪ್ಪಿಗೆ ಪಡೆದು, ತಮ್ಮ ವ್ಯಾಪ್ತಿಯಲ್ಲಿ ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ಶಿಕ್ಷಣವನ್ನು ಕಡ್ಡಾಯಗೊಳಿಸಬಹುದು. 1912ರ ಮಾರ್ಚ್ 19ರಂದು 13ಕ್ಕೆ 38 ಮತಗಳಿಂದ ಅದು ಬಿದ್ದುಹೋಯಿತು. ವಿರೋಧಿಸಿದವರಲ್ಲಿ ಅಧಿಕಾರಿಗಳಷ್ಟೇ ಅಲ್ಲದೆ ಭಾರತೀಯ ಜಮೀನ್ದಾರರೂ ಇದ್ದರು. ಮರುವರ್ಷವೇ, 1913ರಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ಕಾಯಿದೆಯನ್ನು ತಂದಿತೆಂಬುದು ಕನ್ನಡ ನಾಡಿನ ದೃಷ್ಟಿಯಿಂದ ಉಲ್ಲೇಖಾರ್ಹ.

ಎರಡನೆಯದು ದಕ್ಷಿಣ ಆಫ್ರಿಕಾದ ಪ್ರವಾಸ. ಜೀತದ ಕರಾರು ಮುಗಿಸಿದ ಭಾರತೀಯ ಕೂಲಿಗಳ ಮೇಲೆ ನಟಾಲಿನಲ್ಲಿ ವರ್ಷಕ್ಕೆ 3 ಪೌಂಡ್ ತಲೆಗಂದಾಯವಿತ್ತು. 1912ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಅಲ್ಲಿ ಸಂಚರಿಸಿದ ಗೋಖಲೆಯವರು ಪ್ರಧಾನಿ ಬೋಥಾ ಮತ್ತು ಮಂತ್ರಿ ಸ್ಮಟ್ಸ್ ಅವರನ್ನು ಭೇಟಿಯಾಗಿ, ಈ ತೆರಿಗೆ ರದ್ದಾಗುವ ಭರವಸೆ ದೊರೆಯಿತೆಂದು ನಂಬಿ ಹಿಂತಿರುಗಿದರು. ಗಾಂಧೀಜಿಯವರಿಗೆ ಆ ನಂಬಿಕೆ ಇರಲಿಲ್ಲ. 1913ರಲ್ಲಿ ಸ್ಮಟ್ಸ್ ತೆರಿಗೆಯನ್ನು ಪೂರ್ಣವಾಗಿ ತೆಗೆಯಲಾಗದೆಂದಾಗ ಗೋಖಲೆಯವರು ನೊಂದರು. ಕಾಯಿಲೆಯನ್ನೂ ಲೆಕ್ಕಿಸದೆ ಭಾರತದಲ್ಲಿ ತಿರುಗಾಡಿ ಸತ್ಯಾಗ್ರಹಿಗಳಿಗಾಗಿ ನಿಧಿ ಸಂಗ್ರಹಿಸಿದರು. ಸಾವಿರಾರು ಕೂಲಿಗಳು ಕೆಲಸ ಬಿಟ್ಟು ಹೊರಬಿದ್ದ ಆ ಹೋರಾಟದ ಫಲವಾಗಿ 1914ರಲ್ಲಿ ತೆರಿಗೆ ರದ್ದಾಯಿತು. ಕೊಟ್ಟ ಮಾತಿಗೆ ಬರಹದ ಪುರಾವೆ ಪಡೆಯದೆ ಬಂದದ್ದು, ಪುರಾವೆಯನ್ನೇ ಬದುಕಿನ ನೀತಿಯಾಗಿಸಿಕೊಂಡವರ ಪಾಲಿಗೆ ಕಹಿಯಾದ ವಿಪರ್ಯಾಸ. ಮಾತನ್ನು ನಡೆಸಿಕೊಡುವಂತೆ ಆಳುವವರನ್ನು ಒತ್ತಾಯಿಸುವ ಇನ್ನೊಂದು ಸಾಧನವನ್ನು ಅವರ ಶಿಷ್ಯರು ಕಂಡುಕೊಂಡಿದ್ದರು. ಆ ಸಾಧನವನ್ನು ಗೋಖಲೆಯವರು ತಾವು ಬಳಸಲಿಲ್ಲ. ಅದಕ್ಕೆ ಬೆನ್ನೆಲುಬಾಗಿ ನಿಂತರು.

7. ಮಿತಿಗಳು ಮತ್ತು ಕೊನೆಯ ದಿನಗಳು

ಗೋಖಲೆಯವರ ವೈಯಕ್ತಿಕ ಜೀವನದಲ್ಲಿ ವಿಮರ್ಶೆಗೆ ಅವಕಾಶವಿಲ್ಲದೆ ಇಲ್ಲ. ಮೊದಲ ಪತ್ನಿ ತೊನ್ನಿನಿಂದ ಬಳಲುತ್ತಿದ್ದಾಗ, ಆಕೆ ಬದುಕಿರುವಾಗಲೇ, ಮನೆಯವರ ಒತ್ತಾಯಕ್ಕೆ ಮಣಿದು 1887ರಲ್ಲಿ ಅವರು ಎರಡನೆಯ ಮದುವೆಯಾದರು. ಸಮಾಜಸುಧಾರಕರ ಪಾಳೆಯದಲ್ಲಿದ್ದವರ ಈ ನಡೆ ವಿರೋಧಿಗಳ ಕೈಗೆ ಅಸ್ತ್ರವಾಯಿತು. ರಾಜಕಾರಣದಲ್ಲಿ ನುಡಿದಂತೆ ನಡೆದವರ ಬದುಕಿನಲ್ಲಿ ನುಡಿಗೂ ನಡೆಗೂ ಬಿರುಕು ಬಿದ್ದ ಎಡೆಯಿದು. ಜೀವನಚರಿತ್ರೆ ಸ್ತೋತ್ರವಾಗಬಾರದಾದರೆ ಇದನ್ನು ಹೇಳಬೇಕು.

ಬ್ರಿಟಿಷ್ ಸಾಮ್ರಾಜ್ಯದ ನ್ಯಾಯಬುದ್ಧಿಯ ಮೇಲೆ ಅವರಿಟ್ಟ ಭರವಸೆಯನ್ನೂ ಚರಿತ್ರೆ ಸಮರ್ಥಿಸಲಿಲ್ಲ. 1904ರಲ್ಲಿ ಸಿ.ಐ.ಇ. ಗೌರವವನ್ನು ಸ್ವೀಕರಿಸಿದ್ದ ಅವರು 1914ರಲ್ಲಿ ನೈಟ್ ಪದವಿಯ ಕೊಡುಗೆ ಬಂದಾಗ ಒಪ್ಪಲಿಲ್ಲ. ಮಧುಮೇಹ ಮತ್ತು ಹೃದಯದ ತೊಂದರೆ ದೇಹವನ್ನು ಕುಗ್ಗಿಸಿದ್ದವು. 1915ರ ಫೆಬ್ರವರಿ 19ರಂದು ಪುಣೆಯಲ್ಲಿ ನಿಧನರಾದಾಗ ಅವರಿಗೆ ನಲವತ್ತೆಂಟು ವರ್ಷ. ಕಾಲು ಶತಮಾನ ಎದುರಾಳಿಯಾಗಿದ್ದ ತಿಲಕರು ಶ್ಮಶಾನದಲ್ಲಿ ನಿಂತು ಮನತುಂಬಿ ಗೌರವ ಸಲ್ಲಿಸಿದರು.

8. ಸಮಾರೋಪ

ಗೋಖಲೆಯವರ ವಾರಸಿಕೆ ಕನ್ನಡಕ್ಕೆ ಬಂದದ್ದು ಮುಖ್ಯವಾಗಿ ಡಿ.ವಿ.ಜಿ.ಯವರ ಮೂಲಕ. ಗೋಖಲೆಯವರ ಜೀವನಚರಿತ್ರೆ ಬರೆದದ್ದಲ್ಲದೆ, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದವರು ಅವರು. 1970ರಲ್ಲಿ ನಾಗರಿಕರು ತಮಗೆ ಅರ್ಪಿಸಿದ ನಿಧಿಯನ್ನು ಆ ಸಂಸ್ಥೆಗೇ ಒಪ್ಪಿಸಿದರು. ಪ್ರಜೆಗಳು ರಾಜ್ಯದ ವ್ಯವಹಾರವನ್ನು ಓದಿ, ಅಂಕಿಅಂಶಗಳನ್ನು ತಿಳಿದು ಚರ್ಚಿಸಬೇಕೆಂಬ ಡಿ.ವಿ.ಜಿ.ಯವರ ನಿಲುವಿನ ಹಿಂದೆ ರಾನಡೆಯವರಿಂದ ಗೋಖಲೆಯವರಿಗೆ ಬಂದ ಪಾಠದ ಮುಂದುವರಿಕೆಯಿದೆ. ಕನ್ನಡದ ವೈಚಾರಿಕ ಗದ್ಯವನ್ನು ಅಭ್ಯಸಿಸುವವರು ಈ ಪರಂಪರೆಯನ್ನು ಪ್ರತ್ಯೇಕವಾಗಿ ಗುರುತಿಸಬೇಕಾಗಿದೆ.

ನಮ್ಮ ಪಠ್ಯಪುಸ್ತಕಗಳು ಲೆಕ್ಕದ ಕಥೆಯನ್ನು ಆರಿಸಿಕೊಂಡವು. 1897ರ ಕಥೆಯನ್ನು ಬಿಟ್ಟವು. ಮೊದಲನೆಯದರಲ್ಲಿ ನಿಜ ಹೇಳಿದ ಹುಡುಗನಿಗೆ ಮೆಚ್ಚುಗೆ ಸಿಗುತ್ತದೆ. ಎರಡನೆಯದರಲ್ಲಿ ತನ್ನ ತಪ್ಪನ್ನು ಒಪ್ಪಿಕೊಂಡ ನಾಯಕನಿಗೆ ಅವಮಾನ ಸಿಗುತ್ತದೆ, ನೊಂದವರಿಗೆ ನ್ಯಾಯವೂ ಸಿಗುವುದಿಲ್ಲ. ಮಕ್ಕಳಿಗೆ ಮೊದಲ ಕಥೆ ಸಾಕು. ಆದರೆ ಪ್ರಜಾಪ್ರಭುತ್ವದ ಪ್ರಜೆಗಳು ಓದಬೇಕಾದದ್ದು ಎರಡನೆಯದನ್ನು. ಆಧಾರವಿಲ್ಲದ ಆಪಾದನೆಗೆ ನಾಯಕರು ಎಂದೂ ಕ್ಷಮೆ ಕೇಳದಿರುವಲ್ಲಿ ಮಾತಿಗೆ ಬೆಲೆಯಿರುವುದಿಲ್ಲ. ಸಾಕ್ಷಿ ಹೇಳುವವನಿಗೆ ರಕ್ಷಣೆಯಿಲ್ಲದಿರುವಲ್ಲಿ ಸತ್ಯಕ್ಕೆ ಬಾಯಿರುವುದಿಲ್ಲ. ಇವೆರಡೂ ಒಂದೇ ಕೊರತೆಯ ಎರಡು ಮುಖಗಳೆಂಬುದನ್ನು ಗೋಖಲೆಯವರು ಬೇರೆಯವರಿಗೆ ಬೋಧಿಸಿ ಅಲ್ಲ, ತಾವೇ ಅನುಭವಿಸಿ ತೋರಿಸಿದರು.